ನಡುವಿನ ಎರಡೂಕಾಲು ಗಂಟೆ

ಪುಷ್ಯ ಮಾಸದ ಸೋಮವಾರ, ಬೆಳಿಗ್ಗೆ ಎಂಟು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ದೇವಲಾಪುರದ ಸುತ್ತ ಇಬ್ಬನಿ ಇನ್ನೂ ಎದ್ದಿರಲಿಲ್ಲ. ಕಣದಲ್ಲಿ ಒಟ್ಟಿದ್ದ ರಾಗಿ ಹುಲ್ಲಿನ ಮೆದೆಯ ನೆತ್ತಿ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ಮೆದೆಯ ಹಿಂದೆ ನಿಂತು ಚಿಕ್ಕಸ್ವಾಮಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಆ ಕಡೆಯಿಂದ ಅವನ ತಂಗಿಯ ಮಗಳು ಅರ್ಪಿತ ಬಾಂಬೆಯ ವಿಮಾನ ನಿಲ್ದಾಣದಿಂದ ಮಾತಾಡುತ್ತಿದ್ದಳು.

"ಕೌಂಟರ್ ಮುಚ್ಚವ್ರೆ ಮಾವ. ಹೊರಡೋಕೆ ಒಂದು ಗಂಟೆ ಮುಂಚೇನೇ ಮುಚ್ತಾರಂತೆ. ಫ್ಲೈಟು ಇನ್ನೂ ಹೋಗಿಲ್ಲ, ನನ್ನ ಮಾತ್ರ ಒಳಕ್ಕೆ ಬುಡ್ತಾ ಇಲ್ಲ."

"ಅಪ್ಪ ಹೋಗ್ಬುಟ್ಟವ್ರೆ ಅಂತ ಹೇಳ್ನಿಲ್ವವ್ವ?"

"ಹೇಳ್ದೆ. ಮೊದಲ್ನೆ ಫ್ಲೈಟು ಲೇಟಾಗಿದ್ದಕ್ಕೆ ನಾವೇನ್ ಮಾಡೋದು ಮೇಡಂ, ಅದು ಬೇರೆ ಟಿಕೆಟ್ಟು, ಇದು ಬೇರೆ ಟಿಕೆಟ್ಟು ಅಂದ್ರು."

"ಲಗೇಜು?"

"ಲಗೇಜಿಂದ್ಲೇ ಆಗಿದ್ದು ಮಾವ. ಬ್ಯಾಗು ಬರೋಕೆ ಐವತ್ತು ನಿಮಿಷ ಆಯ್ತು. ಆಮೇಲೆ ಬೆಂಗಳೂರಿನ ಫ್ಲೈಟು ಹೊರಡೋ ನಿಲ್ದಾಣಾನೇ ಬೇರೆ, ರಸ್ತೇಲಿ ಬರಬೇಕು."

ಅವಳ ದನಿಯಲ್ಲಿ ಅಳು ಇರಲಿಲ್ಲ, ದೂರೂ ಇರಲಿಲ್ಲ. ಆಸ್ಪತ್ರೆಯಲ್ಲಿ ಪಾಳಿ ಮುಗಿದವಳು ಮುಂದಿನವಳಿಗೆ ರೋಗಿಯ ವಿಷಯ ಒಪ್ಪಿಸುವ ಹಾಗೆ ಇತ್ತು. ಮಧ್ಯಾಹ್ನ ಎರಡರ ವಿಮಾನಕ್ಕೆ ಸೀಟು ಸಿಕ್ಕಿದೆ ಎಂದಳು, ಮನೆ ಮುಟ್ಟುವ ಹೊತ್ತಿಗೆ ಸಂಜೆ ಏಳೂವರೆಯಾಗುತ್ತದೆ ಎಂದಳು. "ನಾನು ಬರೋಗಂಟ ಅಪ್ಪನ್ನ ಮಡಿಕ್ಕಳಕ್ಕೆ ಹೇಳು ಮಾವ. ಎಲ್ರಿಗೂ ನೀನೇ ಹೇಳು. ನೀನಂದ್ರೆ ಕೇಳ್ತಾರೆ."

"ಹೇಳ್ತೀನಿ ಬುಡವ್ವ," ಎಂದ ಚಿಕ್ಕಸ್ವಾಮಿ.

ಫೋನು ಸುಮ್ಮನಾದ ಮೇಲೂ ಅವನು ಅದನ್ನು ಕಿವಿಯಿಂದ ತೆಗೆಯಲಿಲ್ಲ. ತೆಗೆದರೆ ಮೆದೆಯ ಆಚೆಗೆ ಹೋಗಬೇಕಾಗುತ್ತಿತ್ತು. ಆಚೆಗೆ ಶಾಮಿಯಾನ, ಬಾಡಿಗೆಗೆ ತಂದ ಐಸ್ ಪೆಟ್ಟಿಗೆ, ಅದರೊಳಗೆ ಅವನ ಭಾವ ಬೋರಯ್ಯ, ಪೆಟ್ಟಿಗೆಯ ಕಾಲ ಬಳಿ ಅವನ ತಂಗಿ ಬೈರಮ್ಮ. ನಿನ್ನೆ ನಾಲ್ಕು ಗಂಟೆಗೆ ಬೋರಯ್ಯ ಹಸುವಿಗೆ ನೀರು ತೋರಿಸಿ ಬಂದು ಜಗಲಿಯ ಮೇಲೆ ಕೂತವನು ಮತ್ತೆ ಎದ್ದಿರಲಿಲ್ಲ. ಹುಲ್ಲಿನ ಎಳೆಗಳ ನಡುವೆ ಜೇಡನ ಬಲೆಯೊಂದು ಇಬ್ಬನಿ ಹಿಡಿದುಕೊಂಡು ಜೋತುಬಿದ್ದಿತ್ತು. ಚಿಕ್ಕಸ್ವಾಮಿ ಅದನ್ನು ನೋಡಿದ. ಬೆರಳಿಂದ ಮುಟ್ಟಿದ. ಹನಿಗಳೆಲ್ಲ ಒಂದೇ ಸಲ ಬಿದ್ದವು. ಎರಡು ವಿಮಾನದ ನಡುವೆ ಎರಡೂಕಾಲು ಗಂಟೆ ಇತ್ತಲ್ಲ, ಎಂದುಕೊಂಡ. ಎರಡೂಕಾಲು ಗಂಟೆಯೆಂದರೆ ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದುಕೊಂಡು, ಪಾಂಡವಪುರದ ತನಕ ತಿರುಗಿ ಬರಬಹುದು. ನಿನ್ನೆ ಸಂಜೆ ಏಳಕ್ಕೆ, ತಾನು ನರ್ಸಾಗಿರುವ ಅರಬ್ ದೇಶದ ದಮ್ಮಾಮಿನಿಂದ ಅವಳು ಫೋನು ಮಾಡಿದಾಗಲೂ ಇದನ್ನೇ ಹೇಳಿದ್ದ. ಎರಡು ಥರ ಇದೆ ಮಾವ, ಅಂದಿದ್ದಳು. ಒಂದು, ಒಂದೇ ಟಿಕೆಟ್ಟು. ನಡುವೆ ಇಳಿದು ಹತ್ತೋದು ಇದ್ದರೂ ತಡವಾದರೆ ಅವರದೇ ಹೊಣೆ, ಬ್ಯಾಗೂ ಅವರೇ ಸಾಗಿಸ್ತಾರೆ, ಬೆಂಗಳೂರಿಗೆ ಹನ್ನೆರಡೂವರೆಗೆ. ಇನ್ನೊಂದು, ಬೇರೆ ಬೇರೆ ಎರಡು ಟಿಕೆಟ್ಟು, ಬಾಂಬೆಯಲ್ಲಿ ಬದಲಿ, ಬೆಂಗಳೂರಿಗೆ ಬೆಳಿಗ್ಗೆ ಹತ್ತಕ್ಕೇ. ಯಾವುದು ತಗೊಳ್ಳಲಿ? ಪಕ್ಕದಲ್ಲಿ ಬೋರಯ್ಯನ ದಾಯಾದಿ ಚಲುವಯ್ಯ ಕೂತಿದ್ದ, ಊರಿನ ಯಜಮಾನ. ಮಗಳು ಎಷ್ಟೊತ್ತಿಗೆ ಬತ್ತಾಳೆ ಎಂದು ಹತ್ತು ಜನರ ಎದುರಿಗೆ ಎರಡು ಸಲ ಕೇಳಿದ್ದ. ಚಿಕ್ಕಸ್ವಾಮಿಗೆ ನಾಲ್ಕು ಗಂಟೆಗೆ ಎಂದು ಹೇಳಲು ಬಾಯಿ ಬರಲಿಲ್ಲ. ಒಂದು ಗಂಟೆಗೆ ಎನ್ನಬೇಕು ಅನ್ನಿಸಿತು. "ಬೇಗ ಬರೋದು ತಗೊಳವ್ವ. ಎರಡೂಕಾಲು ಗಂಟೆ ಬೇಕಾದಂಗಾಯ್ತು. ಬ್ಯಾಗು ಕೈಲಿ ಹಿಡ್ಕಂಡು ಒದ್ದಾಡ್ಬ್ಯಾಡ, ಹಾಕ್ಬುಡು. ಈ ಇಮಾನದಿಂದ ಆ ಇಮಾನಕ್ಕೆ ಅವ್ರೇ ಎತ್ತಾಕ್ತಾರೆ." ಅಷ್ಟು ಹೇಳಿ ಚಲುವಯ್ಯನ ಕಡೆ ತಿರುಗಿ, ಗಟ್ಟಿಯಾಗಿ, "ಒಂದು ಗಂಟೆಗೆ ಮನೇಲಿರ್ತಾಳೆ" ಎಂದಿದ್ದ. ಹೇಳಿದಾಗ ಎದೆಯಲ್ಲಿ ಒಂದು ಹಳೆಯ ಸುಖ ಎದ್ದಿತು. ಸಾವಿನ ಮನೆಯಲ್ಲಿ ಏಳಬಾರದ ಸುಖ.

ಮೂವತ್ತೆಂಟು ವರ್ಷ ಅವನು ನಾಗಮಂಗಲದ ಖಾಸಗಿ ಬಸ್ಸುಗಳ ಏಜೆಂಟಾಗಿದ್ದ. ಕೆ.ಆರ್.ಪೇಟೆಯ ಬಸ್ಸು ತಡವಾದರೆ ಬೆಂಗಳೂರಿನ ಬಸ್ಸಿನ ಮುಂದೆ ಹೋಗಿ ಬಾನೆಟ್ಟಿಗೆ ಎರಡು ಸಲ ಬಡಿಯುತ್ತಿದ್ದ, ಡ್ರೈವರು ಎಂಜಿನ್ನು ಆರಿಸುತ್ತಿದ್ದ. ಈ ಬಸ್ಸು ಒಬ್ಬ ಮಾಲೀಕನದು, ಬರುವ ಬಸ್ಸು ಇನ್ನೊಬ್ಬನದು. ಆದರೂ ಅದಕ್ಕಾಗಿ ಇದು ಕಾಯುತ್ತಿತ್ತು. ಬೂಕನಕೆರೆಯ ಕಡೆಯಿಂದ ಬಂದ ತರಕಾರಿ ಮೂಟೆಗಳನ್ನು ಹಮಾಲಿಗಳು ನೆಲಕ್ಕೆ ಇಳಿಸದೆ ಈ ಟಾಪಿನಿಂದ ಆ ಟಾಪಿಗೆ ಎಸೆಯುತ್ತಿದ್ದರು, ಮೂಟೆಯವನು ಕೆಳಗೆ ಬೀಡಿ ಸೇದುತ್ತ ನಿಂತಿರುತ್ತಿದ್ದ. ಅರ್ಪಿತ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಗ ಸೋಮವಾರದ ಬೆಳಿಗ್ಗೆ ದೇವಲಾಪುರದ ಬಸ್ಸು ಸರಿಯಾದ ಹೊತ್ತಿಗೆ ಬಂದದ್ದೇ ಇಲ್ಲ. ಅವನು ಮೈಸೂರಿನ ಬಸ್ಸಿನ ಎದುರಿಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದ. "ಲೇ ಚಿಕ್ಕಸ್ವಾಮಿ, ನಿನ್ ಸೊಸೆ ಮಹಾರಾಣಿ ಏನ್ಲಾ?" ಎಂದು ಡ್ರೈವರು ಬಯ್ಯುತ್ತಿದ್ದ. "ಊ ಕಣ್ಲಾ, ಮಹಾರಾಣೀನೇ. ಸುಮ್ನೆ ಕೂತ್ಕೊ." ಅವಳು ಓಡಿ ಬರುತ್ತಿದ್ದಳು, ಹಿಂದೆ ಟ್ರಂಕು ಹೊತ್ತ ಬೋರಯ್ಯ. ಆ ಮೂರು ವರ್ಷದಲ್ಲಿ ಒಂದು ಸಲವೂ ಅವಳಿಗೆ ಬಸ್ಸು ತಪ್ಪಿರಲಿಲ್ಲ. ಬಸ್ಸು ತಪ್ಪುವುದೆಂದರೆ ಏನು ಎಂದು ಅವಳಿಗೆ ಗೊತ್ತಿರಲಿಲ್ಲ, ಅದನ್ನು ಗೊತ್ತಾಗಗೊಡದವನು ತಾನು.

"ಏನ್ ಬಾವ, ಇಲ್ಲಿದ್ದೀಯಾ," ಎನ್ನುತ್ತ ಚಲುವಯ್ಯ ಮೆದೆ ಸುತ್ತಿ ಬಂದ. ಅವನ ಹಿಂದೆ ಹಾರೆ, ಗುದ್ದಲಿ, ಮಂಕರಿ ಹಿಡಿದ ನಾಲ್ವರು ಕಾಫಿ ಕುಡಿದ ಲೋಟಗಳನ್ನು ಕಟ್ಟೆಯ ಮೇಲಿಡುತ್ತಿದ್ದರು. "ಗುಂಡಿ ತೋಡಕ್ಕೆ ಕಳಿಸ್ಲಾ? ಮಗಳು ಬರೋದು ತಡ ಅನ್ನಂಗಿದ್ರೆ ಈಗ್ಲೇ ಹೇಳ್ಬುಡು. ನಾಳೆ ಬೆಳಗ್ಗೆ ಮಡಿಕ್ಕಳಾನ, ಪೆಟ್ಟಿಗೆ ಎರಡು ದಿನಕ್ಕೆ ಅಂತ್ಲೇ ತಂದಿರದು. ಒಂದು ಸಲ ತೋಡ್ಬುಟ್ರೆ ದೀಪ ಹಚ್ಚೋದ್ರೊಳಗೆ ಮುಚ್ಲೇಬೇಕು. ಬಾಯಿ ಬುಟ್ಕಂಡು ರಾತ್ರಿಯೆಲ್ಲ ಇರಬಾರದು, ಗೊತ್ತಲ್ಲ ನಿಂಗೆ."

ಗೊತ್ತಿತ್ತು. ಹೇಳಲು ಚಿಕ್ಕಸ್ವಾಮಿ ಬಾಯಿ ತೆರೆದ. ಅಷ್ಟರಲ್ಲಿ ಶಾಮಿಯಾನದ ಕಡೆಯಿಂದ ಪ್ರಿಯಾಂಕ, ಬೈರಮ್ಮನ ಸೊಸೆ, ಫೋನನ್ನು ಎದೆಯ ಮುಂದೆ ಹಿಡಿದುಕೊಂಡು ಓಡಿ ಬಂದಳು.

"ಬುಡ್ತು ದೊಡ್ಮಾವ! ಬಾಂಬೆ ಬುಡ್ತು, ಸರಿಯಾದ ಟೈಮಿಗೆ ಬುಡ್ತು. ಇಲ್ ನೋಡಿ!"

ಫೋನಿನ ಒಳಗೆ ನೀಲಿ ಕಡಲು, ಅದರ ಅಂಚಿನಲ್ಲಿ ಹಳದಿ ಬಣ್ಣದ ಒಂದು ಪುಟ್ಟ ವಿಮಾನ, ಬಾಣಲೆಯಿಂದ ಚಿಮ್ಮಿದ ಸಾಸಿವೆಯಷ್ಟು. ಅದು ಹೊರಳಿ ದಕ್ಷಿಣಕ್ಕೆ ಮುಖ ಮಾಡಿತು. ಚಲುವಯ್ಯ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿ ನೋಡಿದ. "ಹಂಗಾರೆ ನಡೀರ್ಲಾ," ಎಂದ ಹಿಂದಿನವರಿಗೆ. ನಾಲ್ವರೂ ಹೊಲದ ಕಡೆ ನಡೆದರು. ಚಿಕ್ಕಸ್ವಾಮಿಯ ಬಾಯಿ ಇನ್ನೂ ತೆರೆದೇ ಇತ್ತು. ಅವನನ್ನು ಯಾರೂ ಏನನ್ನೂ ಕೇಳಲಿಲ್ಲ. ಕೇಳಿದ್ದಕ್ಕೆ ಫೋನು ಉತ್ತರ ಕೊಟ್ಟಿತ್ತು, ಅದು ಕೊಟ್ಟ ಉತ್ತರವೂ ಸುಳ್ಳಲ್ಲ. ವಿಮಾನ ಹೊರಟಿತ್ತು.

ಆಮೇಲಿನ ಹೊತ್ತು ಹೇಗೆ ಹೋಯಿತು ಎಂದರೆ, ಹೋಗಲಿಲ್ಲ. ಪ್ರಿಯಾಂಕ ಫೋನನ್ನು ಐಸ್ ಪೆಟ್ಟಿಗೆಯ ತಲೆಯ ಕಡೆ, ದೀಪದ ಪಕ್ಕ ಒಂದು ಚೊಂಬಿಗೆ ಒರಗಿಸಿ ನಿಲ್ಲಿಸಿದಳು. ಹೆಂಗಸರು ಸುತ್ತ ಕೂತರು. ಅಳುತ್ತಿದ್ದವರು ನಡುವೆ ತಲೆಯೆತ್ತಿ ನೋಡುತ್ತಿದ್ದರು. "ಎಲ್ಲಿಗ್ ಬಂದ್ಲಂತೆ?" "ಗೋವಾ ದಾಟವ್ಳೆ." "ಅಯ್ಯೋ, ಕೂಸು ಏನು ಉಂಡಿದ್ದಾಳೋ ಇಲ್ವೋ." ಬೋರಯ್ಯನ ಅಕ್ಕ ಕೆಂಪಮ್ಮ, ಎಂಬತ್ತರ ಹತ್ತಿರದವಳು, ಆ ಹಳದಿ ಚುಕ್ಕೆಗೆ ಕೈಮುಗಿದು, "ಬಾ ನಮ್ಮವ್ವ, ಬಿರ್ರನೆ ಬಾ, ನಿಮ್ಮಪ್ಪ ಕಾಯ್ತಾವ್ನೆ" ಎಂದು ರಾಗ ಎಳೆದಳು. ಬೈರಮ್ಮ ಮಾತ್ರ ಅಳಲಿಲ್ಲ, ಚುಕ್ಕೆಯಿಂದ ಕಣ್ಣು ಕೀಳಲಿಲ್ಲ. ಚಿಕ್ಕಸ್ವಾಮಿ ಕಂಬಕ್ಕೆ ಒರಗಿ ನಿಂತು ತಾನೂ ನೋಡಿದ. ನೋಡುತ್ತ ನೋಡುತ್ತ, ಅವಳು ಅದರೊಳಗೆ ಇರಬಹುದು ಎನ್ನಿಸತೊಡಗಿತು. ಯಾರೋ ಒಬ್ಬ ಒಳ್ಳೆಯವನು ಬಾಗಿಲು ತೆಗೆದು ಬಿಟ್ಟಿರಬಹುದು, ಬಾನೆಟ್ಟಿಗೆ ಎರಡು ಸಲ ಬಡಿದಿರಬಹುದು. ಹೊಲದ ಕಡೆಯಿಂದ ಹಾರೆಯ ಸದ್ದು ಬರುತ್ತಿತ್ತು. ಮೊದಲು ಮೆತ್ತಗೆ, ಆಮೇಲೆ ಗಟ್ಟಿ ನೆಲಕ್ಕೆ ತಾಗಿದ ಹಾಗೆ. ಈಗ ಹೇಳಿದರೆ ಒಂದಡಿ ಆಗಿರುತ್ತದೆ, ಒಂದಡಿಯನ್ನು ಮುಚ್ಚಿ ಸಗಣಿ ನೀರು ಹಾಕಿದರೆ ಆಯಿತು, ಎಂದುಕೊಂಡ. ಒಂದು ಸಲ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆಯೂ ಹೋದ. ಆಗ ಬೈರಮ್ಮ ತಲೆಯೆತ್ತಿ, "ಅಣ್ಣಯ್ಯ, ನೀನಿದ್ದಿದ್ಕೆ ಆಯ್ತು ಕಣೋ" ಎಂದಳು. ಅವನು ಮತ್ತೆ ಕಂಬಕ್ಕೆ ಒರಗಿದ. ಕಂಬದ ಮೇಲೆ ಯಾರೋ ಸುಣ್ಣ ಒರೆಸಿದ್ದ ಬೆರಳ ಗುರುತುಗಳಿದ್ದವು, ಮೂರು. ನಾಲ್ಕನೆಯದು ಬಣ್ಣ ಏಳುವಾಗ ಹೋಗಿರಬೇಕು.

ಹತ್ತಕ್ಕೆ ಐದು ನಿಮಿಷ ಇರುವಾಗ ಚುಕ್ಕೆ ಬೆಂಗಳೂರಿನಲ್ಲಿ ನಿಂತಿತು. "ಇಳಿದ್ಲು!" ಎಂದಳು ಪ್ರಿಯಾಂಕ. ಕಾಲು ಗಂಟೆ ಬಿಟ್ಟು ಸಾದಿಕ್‌ನ ಫೋನು ಬಂತು. ನಾಗಮಂಗಲದ ಸಾದಿಕ್ ಅವಳನ್ನು ಕರೆತರಲು ಬೆಳಗಿನ ಜಾವವೇ ಕಾರು ತೆಗೆದುಕೊಂಡು ಹೋಗಿದ್ದ. ಎಲ್ಲರಿಗೂ ಕೇಳಲಿ ಎಂದು ಪ್ರಿಯಾಂಕ ಚಿಕ್ಕಸ್ವಾಮಿಯ ಕೈಯಿಂದ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

"ಸ್ವಾಮಣ್ಣ, ಬಾಂಬೆ ಫ್ಲೈಟಿನೋರೆಲ್ಲ ಹೊರಗೆ ಬಂದ್ರು. ಅಕ್ಕ ಕಾಣ್ತಾನೇ ಇಲ್ಲ. ಫೋನ್ ಮಾಡಿದ್ರೆ ನಾನು ಇನ್ನೂ ಬಾಂಬೇಲೇ ಇದೀನಿ ಅಂತಾವ್ರಲ್ಲ ಅಣ್ಣ. ಯಾ ಅಲ್ಲಾ, ಇದೇನಿದು?"

ಎಲ್ಲರೂ ಚಿಕ್ಕಸ್ವಾಮಿಯ ಕಡೆ ತಿರುಗಿದರು.

"ಬಾಂಬೇಲಿ ತಪ್ಪೋಗದೆ," ಎಂದ. "ಸಂಜೆ ಏಳೂವರೆ ಆಯ್ತದಂತೆ."

"ಯಾವಾಗ ಗೊತ್ತಾಯ್ತು ಬಾವ ನಿಂಗೆ?" ಎಂದ ಚಲುವಯ್ಯ.

"ಈಗ."

ಇಷ್ಟು ಚಿಕ್ಕ ಮಾತು ಅವನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಬೇರೆ ಯಾರದೋ ಮಾತು ಕೇಳಿದ ಹಾಗಿತ್ತು. ಹೊಲದಿಂದ ಒಬ್ಬ ಬೆವರೊರೆಸಿಕೊಳ್ಳುತ್ತ ಬಂದು ಗುಂಡಿ ಎದೆಮಟ್ಟ ಆಗಿದೆ, ಬಂಡೆ ಸಿಕ್ಕಲಿಲ್ಲ, ಒಳ್ಳೆ ಮಣ್ಣು ಎಂದು ಹೇಳಿದ. ಆಮೇಲೆ ಎಲ್ಲರೂ ಮಾತಾಡಿದರು. ನಿಂತ ಬಸ್ಸಿಗೆ ಹತ್ತಲಾರದವಳು ಅದೇನು ಓದಿದ್ದಾಳೆ ಎಂದನೊಬ್ಬ. ಇಳಿದು ಹತ್ತುವುದಕ್ಕೆ ಎರಡು ಗಂಟೆ ಸಾಲದೇ ಎಂದ ಇನ್ನೊಬ್ಬ. "ಬರೋ ಮನಸಿದ್ರೆ ಬತ್ತಿದ್ಲು. ಮದ್ವೆ ಬ್ಯಾಡ ಅಂತ ಸಮುದ್ರ ದಾಟ್ದೋಳು ಮಣ್ಣಿಗೆ ಬತ್ತಾಳಾ?" ಎಂದಳು ಕೆಂಪಮ್ಮ, ಒಂದು ಗಂಟೆಯ ಹಿಂದೆ ಕೈಮುಗಿದಿದ್ದ ಅದೇ ಕೈಯಲ್ಲಿ ಸೆರಗು ಕೊಡವುತ್ತ. ಪ್ರಿಯಾಂಕ ಅರ್ಪಿತಳಿಗೆ ಫೋನು ಮಾಡಿ, ವಿಡಿಯೋದಲ್ಲಾದರೂ ಮುಖ ನೋಡಿಬಿಡಿ ಅಕ್ಕ ಎಂದಳು.

"ಬ್ಯಾಡ ಪ್ರಿಯಾ. ಐಸಿಯುನಲ್ಲಿ ಬೇರೆಯೋರಿಗೆ ದಿನಾ ಅಂಗೇ ಫೋನು ಹಿಡಿಯೋಳು ನಾನು. ನಮ್ಮಪ್ಪನ್ನ ಅಂಗೆ ನೋಡಲ್ಲ." ಆಮೇಲೆ, "ಮಾವ ಹೇಳ್ನಿಲ್ವಾ, ಕಾಯಿರಿ ಅಂತ?" ಎಂದಳು. ಪ್ರಿಯಾಂಕ ಚಿಕ್ಕಸ್ವಾಮಿಯನ್ನು ನೋಡಿದಳು. ಚಿಕ್ಕಸ್ವಾಮಿ ಚಲುವಯ್ಯನನ್ನು ನೋಡಿದ. ಚಲುವಯ್ಯ ಬೇಜಾರಿನಿಂದ ತಲೆಯಾಡಿಸಿ, "ತೋಡ್ಬುಟ್ಟಿದೀವಲ್ಲವ್ವ" ಎಂದು ಫೋನಿನ ಕಡೆಗೆ ಹೇಳಿದ.

ಆದರೂ ಅವರು ಆದಷ್ಟು ಕಾದರು. ಯಾರನ್ನೂ ದೂರುವಂತಿಲ್ಲ. ನಾಲ್ಕು ಗಂಟೆಗೆ ಎತ್ತಿದರು. ನಾಲ್ಕು ಗಂಟೆ ಎಂದು ಯಾರೋ ಹೇಳಿದಾಗ ಚಿಕ್ಕಸ್ವಾಮಿ ಮನಸ್ಸಿನಲ್ಲಿ, ಒಂದೇ ಟಿಕೆಟ್ಟಿನವಳು ಈಗ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಳು ಎಂದುಕೊಂಡ. ಮಗ ಮಂಜುನಾಥ ಮೊದಲ ಹಿಡಿ ಮಣ್ಣು ಹಾಕಿದ. ಅದಕ್ಕೂ ಮುಂಚೆ ಬಾಯಿಗಕ್ಕಿ ಹಾಕುವಾಗ ಕೆಂಪಮ್ಮ, ಮಗಳ ಹೆಸರಿನದು ಯಾರು ಹಾಕ್ತೀರಿ ಎಂದು ಕೇಳಿದಳು. ಅವಳ ಸೋದರಮಾವ ಹಾಕಲಿ ಎಂದರು ಜನ. ಅವನು ಬಗ್ಗಿದ. ಬೋರಯ್ಯನ ತುಟಿ ತಣ್ಣಗೆ ಗಟ್ಟಿಯಾಗಿತ್ತು, ಅಕ್ಕಿ ಒಳಗೆ ಹೋಗದೆ ಗಲ್ಲದ ಮೇಲೆ ಜಾರಿತು. ಎರಡು ಕಾಳು ಅವನ ಬೆರಳಿಗೇ ಅಂಟಿಕೊಂಡು ಉಳಿದವು. ಪಂಚೆಗೆ ಒರೆಸಿಕೊಂಡ.

ಅವಳು ಬಂದದ್ದು ಏಳೂ ನಲವತ್ತಕ್ಕೆ. ಸಾದಿಕ್ ಬ್ಯಾಗು ಇಳಿಸಿ ಜಗಲಿಯ ಮೇಲಿಟ್ಟು, ತಲೆ ತಗ್ಗಿಸಿಕೊಂಡು ನಿಂತ. ಅರ್ಪಿತ ಒಳಗೆ ಹೋಗಿ ತಾಯಿಯ ಪಕ್ಕ ಗೋಡೆಗೆ ಒರಗಿ ಕೂತಳು. ಬೈರಮ್ಮ ಆಗ ಅತ್ತಳು, ದಿನವೆಲ್ಲ ಕೂಡಿಟ್ಟದ್ದನ್ನು. ಮಾರನೆಯ ದಿನ ಆ ಬ್ಯಾಗನ್ನು ಬಿಚ್ಚಿದಾಗ ಅದರಲ್ಲಿ ಅವಳ ಬಟ್ಟೆ ಇದ್ದದ್ದು ಎರಡೇ ಜೊತೆ. ಉಳಿದದ್ದು ದೊಡ್ಡವರು ಕಟ್ಟಿಕೊಳ್ಳುವ ಡೈಪರುಗಳ ಮೂರು ಕಟ್ಟು, ಬಿಪಿ ನೋಡುವ ಒಂದು ಯಂತ್ರ, ಮಂಡಿಗೆ ಹಾಕುವ ಪಟ್ಟಿ. ಬರುವ ತಿಂಗಳು ರಜೆಗೆ ಬರುವಾಗ ಅಪ್ಪನಿಗೆ ತರಲೆಂದು ಕಟ್ಟಿಟ್ಟಿದ್ದ ಬ್ಯಾಗು. ಹೊರಡುವಾಗ ಬೇರೆ ಬ್ಯಾಗಿಗೆ ಬಟ್ಟೆ ಹಾಕಿಕೊಳ್ಳಲು ತೋಚದೆ ಅದನ್ನೇ ಎತ್ತಿಕೊಂಡು ಬಂದಿದ್ದಳು. ಪ್ರಿಯಾಂಕ ಡೈಪರಿನ ಕಟ್ಟುಗಳನ್ನು ಎಲ್ಲಿಡಲಿ ಎಂದು ಗೊತ್ತಾಗದೆ ಹಸುವಿನ ಹಿಂಡಿ ಮೂಟೆಯ ಹಿಂದೆ ಇಟ್ಟಳು.

ಬುಧವಾರ ಮೂರನೆಯ ದಿನದ ಹಾಲುತುಪ್ಪ. ಗುಂಡಿಯಿದ್ದ ಕಡೆ ಈಗ ಉದ್ದನೆಯ ಮಣ್ಣಿನ ದಿಬ್ಬ, ಅದರ ಮೇಲೆ ಎಲೆ, ಎಲೆಯಲ್ಲಿ ಬೋರಯ್ಯನಿಗೆ ಇಷ್ಟವಾದದ್ದೆಲ್ಲ, ಮುದ್ದೆ, ಅವರೆಕಾಳಿನ ಸಾರು, ಒಂದು ಕಟ್ಟು ಬೀಡಿ. ಕಾಗೆ ಬಂದು ಮುಟ್ಟಲೆಂದು ಜನ ದೂರ ಸರಿದು ತೆಂಗಿನ ಮರಗಳ ನೆರಳಿನಲ್ಲಿ ಕೂತರು. ಕಾಗೆ ಬರಲಿಲ್ಲ. ಕಾಯುವ ಬೇಸರಕ್ಕೆ ಮಾತು ಹುಟ್ಟಿತು. "ಮಗಳ ಮೊಕ ನೋಡದೆ ಹೋದ್ನಲ್ಲ, ಅದ್ಕೇ ಮುಟ್ತಾ ಇಲ್ಲ," ಎಂದಳು ಕೆಂಪಮ್ಮ, ಅರ್ಪಿತಳಿಗೆ ಕೇಳುವಂತೆ. "ಬರೋರು ಯಾವ ಇಮಾನದಲ್ಲಾದ್ರೂ ಬತ್ತಾರೆ. ಸಂಬಳದ ದೇಸ ಬುಟ್ಟು ಬರಕ್ಕೆ ಮನಸಾಗ್ಬೇಕಲ್ಲ." ಅರ್ಪಿತ ನೆಲದ ಮೇಲಿನ ಒಂದು ಒಣ ಕಡ್ಡಿಯನ್ನು ಮುರಿಯುತ್ತಿದ್ದಳು, ಅರ್ಧಕ್ಕೆ, ಅರ್ಧದ ಅರ್ಧಕ್ಕೆ. ಚಿಕ್ಕಸ್ವಾಮಿ ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಎದ್ದು ನಿಂತ.

"ಅವಳ್ದೇನೂ ತಪ್ಪಿಲ್ಲ ಕೆಂಪಮ್ಮ. ಆ ಟಿಕೀಟು ತಗೊ ಅಂದೋನು ನಾನು. ಅವಳು ಯಾವ್ದು ತಗೊಳ್ಲಿ ಅಂತ ನನ್ನ ಕೇಳಿದ್ಲು. ಬ್ಯಾಗು ಹಾಕು, ಅವ್ರೇ ಎತ್ತಾಕ್ತಾರೆ ಅಂದೋನೂ ನಾನೇ."

ಒಂದು ಕ್ಷಣ ಎಲ್ಲರೂ ಅವನನ್ನು ನೋಡಿದರು. ಆಮೇಲೆ ಚಲುವಯ್ಯ ಮೊದಲು ನಕ್ಕ. "ಕೂತ್ಕೊ ಬಾವ. ನೀನು ನಾಗಮಂಗಲದ ಬಸ್ಸಿಗೆ ಏಜೆಂಟು. ಇಮಾನಕ್ಕೂ ಸೀಟಿ ಊದ್ಬುಟ್ಯಾ?" ಜನ ನಕ್ಕರು. ಮೂರು ದಿನದ ಮೇಲೆ ಮೊದಲ ಸಲ ನಗು. "ಒಳ್ಳೇನು ಕಣಪ್ಪ ನೀನು," ಎಂದಳು ಕೆಂಪಮ್ಮ, ಮರುಕದಿಂದ. "ಸೊಸೆ ಮೇಲೆ ಮಾತು ಬರಬಾರದು ಅಂತ ತಲೆ ಮೇಲೆ ಹಾಕ್ಕೊತೀಯೆ. ನೀವೆಲ್ಲ ಇಂಗೆ ತಲೆ ಮೇಲೆ ಕೂರಿಸ್ಕಂಡೇ ಅವಳು ಇಂಗಾಗಿರದು." ಚಿಕ್ಕಸ್ವಾಮಿ ಕೂತ. ಹೇಳಬೇಕಾದ್ದನ್ನು ಹೇಳಿ ಆಗಿತ್ತು, ನಂಬದಿದ್ದರೆ ಅದು ಅವರ ಪಾಡು. ಮೈ ಹಗುರಾಯಿತು. ಹಗುರಾದದ್ದು ಗೊತ್ತಾದ ಕೂಡಲೆ, ಇವರು ನಂಬುವುದಿಲ್ಲ ಎಂದು ಎದ್ದು ನಿಲ್ಲುವ ಮೊದಲೇ ತನಗೆ ಗೊತ್ತಿತ್ತೇನೋ ಎಂದೂ ಅನ್ನಿಸಿತು. ಅಷ್ಟರಲ್ಲಿ ಯಾರೋ ಹೋ ಎಂದರು, ಒಂದು ಕಾಗೆ ಇಳಿದು ಮುದ್ದೆಗೆ ಕೊಕ್ಕು ಹಾಕಿ ಹಾರಿತ್ತು.

ಎಲ್ಲರೂ ಮನೆಯ ಕಡೆ ಹೊರಟಾಗ ಅರ್ಪಿತ ಹಾಲಿನ ಚೊಂಬು ತೊಳೆಯಲು ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ನಿಂತಳು. ಅವನೂ ಕಾಲು ತೊಳೆಯುವ ನೆಪದಲ್ಲಿ ಹೋದ. ಅವಳು ಏನಾದರೂ ಒಳ್ಳೆಯ ಮಾತು ಆಡುತ್ತಾಳೆ ಎಂದು ಅವನಿಗೆ ಆಸೆಯಿತ್ತು. ಆಸೆಯನ್ನು ಅವನು ತನ್ನಿಂದ ಬಚ್ಚಿಡಲಿಲ್ಲ.

"ಟಿಕೆಟ್ಟಿನ ವಿಷ್ಯ ಯಾಕೆ ಹೇಳಕ್ಕೋದೆ ಮಾವ?" ಎಂದಳು ಚೊಂಬಿನ ಒಳಗೆ ಕೈ ಆಡಿಸುತ್ತ. "ನೀನು ಹೇಳ್ದೆ, ನಾನು ಒಪ್ಕೊಂಡೇ ತಗೊಂಡೆ. ಅದೇನು ನಿನ್ನೊಬ್ಬನ ತಪ್ಪಾ?"

"ಆದ್ರೂ ಕಣವ್ವ."

"ನಾನು ನಿಂಗೆ ಫೋನ್ ಮಾಡಿದ್ದು ಎಂಟೂ ಹತ್ತಕ್ಕೆ. ಗುಂಡಿ ತೋಡಕ್ಕೆ ಎಷ್ಟೊತ್ತಿಗೆ ಹೋದ್ರು ಅಂತ ಪ್ರಿಯಾಂಕನ್ನ ಕೇಳ್ದೆ. ಎಂಟೂವರೆ ಅಂದ್ಲು." ಚೊಂಬನ್ನು ಬೋರಲು ಹಾಕಿ ನೀರು ಸುರಿದಳು. "ಹತ್ತು ಗಂಟೆವರ್ಗೂ ಎಲ್ರೂ ಕೂತ್ಕಂಡು ಫ್ಲೈಟು ನೋಡ್ತಿದ್ರಂತೆ. ನೀನೂ ನೋಡ್ತಿದ್ಯಂತೆ."

ತೊಟ್ಟಿಗೆ ನೀರು ಬೀಳುವ ಸದ್ದು ದೊಡ್ಡದಾಗಿತ್ತು.

"ಹೇಳಾನ ಅಂತ್ಲೇ ಇದ್ದೆ ಕಣವ್ವ. ಅಷ್ಟೊತ್ಗೆ..."

"ಅಷ್ಟೊತ್ಗೆ?"

ಅವಳು ಅವನ ಮುಖ ನೋಡಿಕೊಂಡು ಕಾದಳು. ಕೋಪದಿಂದಲ್ಲ. ಕಂಕುಳಲ್ಲಿ ಥರ್ಮಾಮೀಟರು ಇಟ್ಟು ಹೊತ್ತು ಆಗುವ ತನಕ ನಿಲ್ಲುತ್ತಾರಲ್ಲ, ಹಾಗೆ. ಅಷ್ಟೊತ್ತಿಗೆ ಏನಾಯಿತು ಎಂದು ಚಿಕ್ಕಸ್ವಾಮಿ ನಿಜವಾಗಿಯೂ ಹುಡುಕಿದ. ಪ್ರಿಯಾಂಕ ಓಡಿ ಬಂದಳು. ಚಲುವಯ್ಯ ಕನ್ನಡಕ ಹಾಕಿಕೊಂಡ. ಬೈರಮ್ಮ, ನೀನಿದ್ದಿದ್ದಕ್ಕೆ ಆಯಿತು ಎಂದಳು. ಒಂದೊಂದೂ ನಡೆದದ್ದೇ, ಒಂದೂ ಉತ್ತರವಾಗುತ್ತಿರಲಿಲ್ಲ. ಅವನ ಕಾಲಿನ ಮೇಲೆ ನೀರು ಹರಿಯುತ್ತಿತ್ತು, ತೊಳೆದ ಕಾಲನ್ನೇ ಮತ್ತೆ ಉಜ್ಜಿದ. ಹೊತ್ತು ಆಯಿತು ಎಂಬಂತೆ ಅವಳು ಚೊಂಬು ಎತ್ತಿಕೊಂಡು ಬದುವಿನ ಮೇಲೆ ನಡೆದುಹೋದಳು.

ಹನ್ನೊಂದನೆಯ ದಿನದ ತಿಥಿಗೆ ಅವಳು ನಿಲ್ಲಲಿಲ್ಲ. ರಜೆ ಅಷ್ಟೇ ಸಿಕ್ಕಿತ್ತು. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಸಾದಿಕ್‌ನ ಕಾರು ಬಂತು. ಸಾವಿನ ಮನೆಯಿಂದ ಹೊರಡುವವರು ಹೋಗಿಬರುತ್ತೇನೆ ಎನ್ನುವಂತಿಲ್ಲ, ಉಳಿದವರು ಬಾ ಎಂದು ಕರೆಯುವಂತಿಲ್ಲ. ಅದು ಈ ಕಡೆಯಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು. ಅವಳು ತಾಯಿಗೆ ಹೇಳಲಿಲ್ಲ, ತಮ್ಮನಿಗೆ ಹೇಳಲಿಲ್ಲ, ಪ್ರಿಯಾಂಕಳಿಗೆ ಹೇಳಲಿಲ್ಲ. ಚಿಕ್ಕಸ್ವಾಮಿ ಕಾರಿನ ಬಾಗಿಲಿನ ಹತ್ತಿರವೇ ನಿಂತಿದ್ದ. ಅವನಿಗೂ ಹೇಳಲಿಲ್ಲ. ಎಲ್ಲರಿಗೂ ಹೇಳದೆ ಹೋದದ್ದು, ಅವನಿಗೆ ಹೇಳದೆ ಹೋದದ್ದು, ಎರಡೂ ಒಂದೇ ಹಾಗಿತ್ತು. ಬೇರೆ ಬೇರೆ ಮಾಡಿ ನೋಡಲು ಅವನ ಹತ್ತಿರ ದಾರಿಯಿರಲಿಲ್ಲ. ಕಾರು ನಾಗಮಂಗಲದ ರಸ್ತೆಗೆ ತಿರುಗಿತು.